ಕ್ಷಮಿಸುವ ಮೊದಲು ದೂರು ಹೇಳಿದೆ: ನನ್ನ ಅನುಭವ

ಮೋಸ ಹೋದ ಕ್ರೈಸ್ತ ವಿಶ್ವಾಸಿಗೆ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮೊದಲು ಸಿಗುವ ಸಲಹೆ ಒಂದೇ. ಕ್ಷಮಿಸಿಬಿಡು, ದೇವರು ನೋಡಿಕೊಳ್ಳುತ್ತಾನೆ. ಸಲಹೆ ಸುಳ್ಳಲ್ಲ. ಆದರೆ ಕೊನೆಗೆ ಬರಬೇಕಾದದ್ದನ್ನು ಮೊದಲೇ ಕೈಗೆ ಕೊಟ್ಟು ಕಳಿಸುತ್ತಾರೆ. ನಾನು ಸತ್ಯವೇದದ (ಬೈಬಲಿನ) ಕೀರ್ತನೆಗಳನ್ನು ಹಿಡಿದು ಮೊದಲು ದೇವರಿಗೇ ದೂರು ಹೇಳಿದೆ. ಹೆಸರು ಹಿಡಿದು, ಮೊತ್ತ ಹಿಡಿದು, ಗಟ್ಟಿಯಾಗಿ ಹೇಳಿದೆ. ಕ್ಷಮೆ ಆಮೇಲೆ ಬಂತು. ಬಂದು ನಾಲ್ಕೈದು ವರ್ಷ ಆಯಿತು, ಇನ್ನೂ ನಿಂತಿದೆ.

ಆಗ ಇದನ್ನು ಅಪನಂಬಿಕೆಯ ಪ್ರಾರ್ಥನೆ ಅಂದಿದ್ದ ಸಭೆಯ ಹಿರಿಯರೇ ಈಗ ನೊಂದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಪ್ರತಿಯೊಬ್ಬರಿಗೂ ಕೂತು ಹೇಳುವುದಕ್ಕೆ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸತ್ಯವೇದ ದಿನಾ ತೆರೆಯುವವರಿಗೆ, ಉಪವಾಸ ಪ್ರಾರ್ಥನೆ ಮಾಡಿ ಗೊತ್ತಿರುವವರಿಗೆ ಬರೆದದ್ದು. ಆದ್ದರಿಂದ ಮೂಲದಿಂದ ವಿವರಿಸುವುದಿಲ್ಲ.

ನನ್ನದು ಹುಬ್ಬಳ್ಳಿಯಲ್ಲಿ ಪ್ರಿಂಟಿಂಗ್ ಕೆಲಸ. ಎರಡು ಬಣ್ಣದ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮೆಷಿನ್ ಇಟ್ಟುಕೊಂಡು ಒಬ್ಬ ಪಾಲುದಾರನ ಜೊತೆ ಪ್ರೆಸ್ ನಡೆಸುತ್ತಿದ್ದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ, ವರ್ಷದ ಕೊನೆಗೆ ಕ್ಯಾಲೆಂಡರ್. ಬಣ್ಣದ ರಿಜಿಸ್ಟ್ರೇಶನ್, ಅಂದರೆ ಒಂದು ಬಣ್ಣದ ಜೊತೆ ಇನ್ನೊಂದನ್ನು ಕರಾರುವಾಕ್ಕಾಗಿ ಕೂರಿಸುವ ವಿಷಯದಲ್ಲಿ ನನ್ನ ಕೈಗೆ ಹೆಸರಿತ್ತು, ದೊಡ್ಡ ಪ್ರೆಸ್ಸಿನವರೂ ಕಷ್ಟದ ಕೆಲಸವನ್ನು ನನ್ನ ಹತ್ತಿರ ತರುತ್ತಿದ್ದರು. ಪಾಲುದಾರ ನಮ್ಮ ಸಭೆಯವನೇ. ಗಾಯನ ಮಂಡಳಿಯಲ್ಲಿ ಅವನು ಮೇಲಿನ ದನಿಯ ಟೆನರ್, ನಾನು ಕೆಳಗಿನ ದನಿಯ ಬಾಸ್. ಹದಿನೈದು ವರ್ಷದ ಸ್ನೇಹ. ಅವನ ಮಗಳೂ ನನ್ನ ಮಗಳೂ ಒಂದೇ ಕ್ಲಾಸು.

ಲೆಕ್ಕ ಅವನು ನೋಡುತ್ತಿದ್ದ, ಮೆಷಿನ್ ನಾನು. ಒಂದು ದಿನ ಪೇಪರ್ ಸಪ್ಲೈ ಮಾಡುವವರು ಬಂದು ನಾಲ್ಕೂವರೆ ಲಕ್ಷ ಬಾಕಿ ಅಂದರು. ಕೊಟ್ಟಾಗಿದೆ ಎಂದು ನಮ್ಮ ಪುಸ್ತಕದಲ್ಲಿತ್ತು. ಅಲ್ಲಿಂದ ಒಂದೊಂದಾಗಿ ಹೊರಗೆ ಬಂತು. ಮೆಷಿನ್ ಸಾಲದ ಕಂತು ಏಳೆಂಟು ತಿಂಗಳು ಕಟ್ಟಿರಲಿಲ್ಲ. ಫರ್ಮಿನ ಹೆಸರಲ್ಲಿ ಕೈಸಾಲ ತೆಗೆದಿದ್ದ. ಎಲ್ಲ ಕೂಡಿಸಿದರೆ ಹತ್ತೊಂಬತ್ತು ಲಕ್ಷದ ಆಸುಪಾಸು. ಪಾಲುದಾರಿಕೆ ಕಾಯಿದೆ ಗೊತ್ತಲ್ವಾ, ಫರ್ಮಿನ ಸಾಲಕ್ಕೆ ಇಬ್ಬರೂ ಹೊಣೆ, ಒಬ್ಬನೇ ಸಿಕ್ಕರೆ ಪೂರ್ತಿ ಅವನೇ ಕೊಡಬೇಕು. ಅವನು ಊರು ಬಿಟ್ಟ. ನಾನು ಸಿಕ್ಕಿದೆ. ಹೆಂಡತಿಯ ಬಂಗಾರ ತೊಂಬತ್ತು ಗ್ರಾಂ ಹತ್ತಿರ ಅಡ ಹೋಯಿತು. ಮೆಷಿನ್ ಹೋಯಿತು. ಇನ್ನೊಬ್ಬರ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯ ಆಪರೇಟರ್ ಆದೆ, ಸಂಬಳ ಹದಿನಾರೋ ಹದಿನೇಳೋ ಸಾವಿರ.

ಹಣ ಹೋದದ್ದು ಒಂದು ನೋವು. ಭಾನುವಾರ ಅದಕ್ಕಿಂತ ದೊಡ್ಡದು. ಅವನು ನಿಲ್ಲುತ್ತಿದ್ದ ಜಾಗ ನನ್ನ ಎಡಗಡೆ ಖಾಲಿ. ಹಾಡು ಎತ್ತಿದರೆ ಗಂಟಲು ಕಟ್ಟುತ್ತಿತ್ತು. ಒಂದು ವರ್ಷದ ಹತ್ತಿರ ನಾನು ಮಂಡಳಿಯಲ್ಲಿ ಬಾಯಿ ಆಡಿಸಿಕೊಂಡು ನಿಂತಿದ್ದೆ, ಸ್ವರ ಬಂದಿಲ್ಲ.

ಮೊದಲು ಏನೇನು ಮಾಡಿದೆ, ಏನು ಕೆಲಸ ಮಾಡಲಿಲ್ಲ ಅಂತ ಹೇಳುತ್ತೇನೆ.

ಒಂದು ಉಜ್ಜೀವನ ಕೂಟದಲ್ಲಿ ಮುಂದೆ ಹೋಗಿ, ಮೈಕ್ ಹಿಡಿದು, ಅವನನ್ನು ಕ್ಷಮಿಸಿದೆ ಅಂದೆ. ಜನ ಅತ್ತರು, ಅಪ್ಪಿಕೊಂಡರು. ನನಗೂ ಹಗುರ ಅನ್ನಿಸಿತು. ಎರಡು ಮೂರು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಕಂತಿನ ನೋಟಿಸ್ ಬಂತು, ಎಲ್ಲ ಮೊದಲಿನ ಹಾಗೇ ಆಯಿತು. ಇನ್ನೂ ಕೆಟ್ಟದ್ದೇನೆಂದರೆ, ಸಾಕ್ಷಿ ಹೇಳಿ ಆಗಿತ್ತಲ್ಲ, ಇನ್ನು ಯಾರ ಹತ್ತಿರವೂ ನೋವು ಹೇಳಿಕೊಳ್ಳುವ ಹಾಗಿರಲಿಲ್ಲ.

ಆಮೇಲೆ ಉಪವಾಸ. 21 ದಿನದ್ದು, ಸತ್ಯವೇದದ ದಾನಿಯೇಲನ ಹಾಗೆ. ರಾತ್ರಿ ಪಾಳಿಯಲ್ಲಿ ನಿಂತು ಕೆಲಸ ಮಾಡುತ್ತಾ ಉಪವಾಸ ಮಾಡಿದರೆ ಏನಾಗುತ್ತದೆ ಎಂದು ಮಾಡಿದವರಿಗೆ ಗೊತ್ತು. ಐದಾರು ಕಿಲೋ ಇಳಿದೆ, ಹೊಟ್ಟೆ ಉರಿಗೆ ಔಷಧಿ ಖರ್ಚು ಬೇರೆ. ದೇವರ ಹತ್ತಿರ ಏನು ಕೇಳುತ್ತಿದ್ದೇನೆ ಎಂಬುದೇ ಸ್ಪಷ್ಟವಿರಲಿಲ್ಲ. ಹಸಿವು ಮಾತ್ರ ಸ್ಪಷ್ಟವಿತ್ತು.

ಬೆಂಗಳೂರಿನಲ್ಲಿ ಒಬ್ಬರು ಪ್ರಾರ್ಥಿಸಿದರೆ ಹೋದ ಹಣ ಏಳರಷ್ಟು ಬರುತ್ತದೆ ಎಂದು ಯಾರೋ ಹೇಳಿದರು. ಹೋದೆ. ಬೆಳೆದು ವಾಪಸ್ ಬರುತ್ತದೆ ಎಂದು ಕೊಡುವ ಬೀಜದ ಕಾಣಿಕೆ ಹತ್ತು ಸಾವಿರ, ಓಡಾಟ ಎರಡು ಮೂರು ಸಾವಿರ. ಆ ಹತ್ತು ಸಾವಿರ ಆಗ ನನ್ನ ಅರ್ಧ ತಿಂಗಳ ಸಂಬಳಕ್ಕಿಂತ ಜಾಸ್ತಿ. ಏನೂ ಬರಲಿಲ್ಲ. ಕೇಳಿದರೆ ನಂಬಿಕೆ ಸಾಲದು ಎಂಬ ಉತ್ತರ ಬಂತು. ಮೋಸ ಹೋದವನ ಮೇಲೆ ಇಂಥ ಭಾರ ಹೊರಿಸುವುದು ಪಾಪ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಹೊಸ ವರ್ಷಕ್ಕೆಂದು ವಚನ ಬರೆದು ಕೊಡುವ ವಾಗ್ದಾನದ ಕಾರ್ಡುಗಳನ್ನೂ ಬಿಡಲಿಲ್ಲ. ಡಿಸೆಂಬರ್ 31ರ ರಾತ್ರಿ ಸಿಕ್ಕಿದ್ದು, ಹಳೆಯ ವರ್ಷಗಳದ್ದು, ಎಲ್ಲ ಕನ್ನಡಿಗೆ ಅಂಟಿಸಿದೆ. ಬೆಳಿಗ್ಗೆ ಎದ್ದರೆ ಹತ್ತು ಹನ್ನೆರಡು ಒಳ್ಳೆಯ ಮಾತು ಕಣ್ಣಿಗೆ ಬೀಳುತ್ತಿತ್ತು. ಒಂದೂ ನನ್ನ ಸ್ಥಿತಿಯ ಬಗ್ಗೆ ಮಾತಾಡುತ್ತಿರಲಿಲ್ಲ.

ತಿರುವು ಬಂದದ್ದು ಒಂದು ಕ್ಯಾಲೆಂಡರಿನಿಂದ. ನಾವೇ ಪ್ರಿಂಟ್ ಮಾಡಿದ್ದು. ಹಲವು ಸಭೆಗಳಿಗೆ ವರ್ಷ ವರ್ಷ ಹಾಕಿಕೊಡುತ್ತಿದ್ದ ಕ್ಯಾಲೆಂಡರ್, ಸಾವಿರಾರು ಪ್ರತಿ. ಮೇಲೆ ಕುರುಬನ ಚಿತ್ರ, ಕೆಳಗೆ ಕೆಂಪಿನಲ್ಲಿ ವಚನ: “ನಿನ್ನ ಚಿಂತಾಭಾರವನ್ನು ಯೆಹೋವನ ಮೇಲೆ ಹಾಕು.” ಕೀರ್ತನೆ 55, ವಚನ 22. ನಿಮ್ಮ ಮನೆಯ ಗೋಡೆಯ ಮೇಲೂ ಇರಬಹುದು. ಅದನ್ನು ಕಂಪೋಸ್ ಮಾಡಿದ್ದು ಅವನೇ. ಆ ಕೆಂಪು ಪ್ಲೇಟು ಕೂರಿಸಿದ್ದು ನಾನು. ಕಪ್ಪು ಗೆರೆಯ ಒಳಗೆ ಕೆಂಪು ಒಂದು ಕೂದಲೂ ಆಚೆ ಹೋಗಬಾರದು ಎಂದು ಅರ್ಧ ದಿನ ಕಳೆದಿದ್ದೆ.

ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ಅದನ್ನು ನೋಡುತ್ತಾ ಕೂತೆ. ಸತ್ಯವೇದ ತೆಗೆದು ಆ ಕೀರ್ತನೆಯನ್ನು ಮೊದಲಿನಿಂದ ಓದಿದೆ. 12ರಿಂದ 14ನೇ ವಚನ ಓದಿ ನೋಡಿ. ಹೇಳುವವನು ದಾವೀದ ಅರಸ. ವೈರಿ ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಅವನಿಂದ ಬಚ್ಚಿಟ್ಟುಕೊಳ್ಳುತ್ತಿದ್ದೆ, ಆದರೆ ಮಾಡಿದವನು ನೀನು, ನನ್ನ ಗೆಳೆಯ, ನಾವಿಬ್ಬರೂ ಜೊತೆಯಲ್ಲಿ ದೇವಾಲಯಕ್ಕೆ ಹೋಗುತ್ತಿದ್ದೆವು ಅನ್ನುತ್ತಾನೆ. 15ನೇ ವಚನದಲ್ಲಿ ಅವರು ಜೀವಸಹಿತ ಪಾತಾಳಕ್ಕೆ ಇಳಿದು ಹೋಗಲಿ ಅನ್ನುತ್ತಾನೆ. 21ರಲ್ಲಿ ಅವನ ಬಾಯಿ ಬೆಣ್ಣೆ, ಹೃದಯ ಕಲಹ. ಇಷ್ಟೆಲ್ಲ ಆದ ಮೇಲೆ 22ನೇ ವಚನ. ಚಿಂತಾಭಾರವನ್ನು ಹಾಕು ಎನ್ನುವುದು ಮೋಸ ಹೋದವನಿಗೆ, ಅದೂ ಸಭೆಯ ಗೆಳೆಯನಿಂದ ಮೋಸ ಹೋದವನಿಗೆ ಹೇಳಿದ ಮಾತು. ನಾವು ಮೇಲಿನ ಇಪ್ಪತ್ತೊಂದು ವಚನ ಕತ್ತರಿಸಿ ಅದೊಂದನ್ನು ಗೋಡೆಗೆ ಹಾಕಿದ್ದೇವೆ.

ಭಾರವನ್ನು ಹಾಕಬೇಕಾದರೆ ಮೊದಲು ಅದನ್ನು ಕೈಗೆ ಎತ್ತಿಕೊಳ್ಳಬೇಕು. ದಾವೀದ ಇಪ್ಪತ್ತೊಂದು ವಚನ ಎತ್ತಿಕೊಂಡ. ನಾನು ಎತ್ತಿಕೊಳ್ಳದೆ ಹಾಕಲು ನೋಡುತ್ತಿದ್ದೆ.

ಮಾಡಿದ ರೀತಿ ಹೀಗೆ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ಉದ್ದ ಪಟ್ಟಿಗಳು ಯಥೇಚ್ಛ ಸಿಗುತ್ತವೆ. ಒಂದು ಪಟ್ಟಿಯ ಎಡಕ್ಕೆ ಕೀರ್ತನೆಯ ಒಂದು ವಚನ ಕೈಯಲ್ಲಿ ಬರೆಯುವುದು, ಬಲಕ್ಕೆ ನನ್ನದನ್ನು. ನನ್ನದು ಅಂದರೆ ಸುಮ್ನೆ ದುಃಖವಾಗಿದೆ ಅಂತಲ್ಲ. ಯಾವ ತಿಂಗಳು, ಎಷ್ಟು ರೂಪಾಯಿ, ಏನು ಹೇಳಿದ, ಯಾರ ಮುಂದೆ ಹೇಳಿದ. ಮಗಳ ಫೀಸಿಗೆ ಇಟ್ಟ ಇಪ್ಪತ್ತೆರಡು ಸಾವಿರ ಪೇಪರಿಗೆ ಬೇಕು ಎಂದು ತೆಗೆದುಕೊಂಡ, ಪೇಪರ್ ಬರಲೇ ಇಲ್ಲ. ಹೀಗೆ. ಆಮೇಲೆ ಎರಡನ್ನೂ ಗಟ್ಟಿಯಾಗಿ ದೇವರಿಗೆ ಓದಿ ಹೇಳುವುದು.

ಗಟ್ಟಿಯಾಗಿ ಎನ್ನುವುದು ಮುಖ್ಯ. ಮನಸ್ಸಿನಲ್ಲೇ ಹೇಳಿದರೆ ದೂರು ಸುತ್ತು ಹೊಡೆಯುತ್ತದೆ, ಹೊರಗೆ ಹೋಗುವುದಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಕೂಗುವುದು? ನಾನು ಮೆಷಿನ್ ಓಡುವಾಗ ಮಾಡಿದೆ. ಬೆಳಗಿನ ಜಾವ ನಾಲ್ಕರಿಂದ ಐದರವರೆಗೆ ದೊಡ್ಡ ರನ್ ಇರುತ್ತಿತ್ತು. ಆಫ್‌ಸೆಟ್ ಮೆಷಿನ್ ಪಕ್ಕ ನಿಂತು ಎಷ್ಟು ಕೂಗಿದರೂ ಮೂರು ಅಡಿ ಆಚೆಗೆ ಕೇಳುವುದಿಲ್ಲ. ಹೆಲ್ಪರ್ ಹುಡುಗ ನಾನು ಹಾಡುತ್ತಿದ್ದೇನೆ ಎಂದುಕೊಂಡಿದ್ದ. ನಿಮಗೆ ಮೆಷಿನ್ ಇಲ್ಲದಿದ್ದರೆ ಗಿರಣಿ, ಹೈವೇ ಪಕ್ಕದ ಹೊಲ, ಬಾಗಿಲು ಹಾಕಿದ ಕಾರು, ಏನಾದರೂ ನಡೆಯುತ್ತದೆ.

ಕೀರ್ತನೆಗಳ ಕ್ರಮವೂ ಮುಖ್ಯ. ಮೊದಲು 55, ಆಮೇಲೆ 41. ನನ್ನ ಅನ್ನ ತಿಂದವನೇ ನನಗೆ ಕಾಲೆತ್ತಿದ ಎಂಬುದು ಅಲ್ಲೇ ಇದೆ, ಕಡೇ ಭೋಜನದಲ್ಲಿ ಯೇಸು ಅದನ್ನೇ ಎತ್ತಿ ಹೇಳಿದ. ಆಮೇಲೆ 13, ಬರೀ ಆರು ವಚನ, ಇನ್ನೆಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತದೆ. 56ರಲ್ಲಿ ಕಣ್ಣೀರು ದೇವರ ಬುದ್ದಲಿಯಲ್ಲಿ, ಅಂದರೆ ಚರ್ಮದ ಚೀಲದಲ್ಲಿ, ಇದೆ. ಆಮೇಲೆ 88. ಇದರಲ್ಲಿ ಕೊನೆಗೂ ಬೆಳಕಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಇಲ್ಲಿ ನನ್ನ ಒಂದು ಕಟ್ಟುನಿಟ್ಟು: ಕೀರ್ತನೆ ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಲ್ಲಬೇಕು. 88 ಮುಗಿಸಿ ಬಾಯಿ ಚಪಲಕ್ಕೆ “ಆದರೂ ಸ್ತೋತ್ರ” ಎಂದು ಸೇರಿಸಬಾರದು. ಸತ್ಯವೇದವೇ ಸೇರಿಸಿಲ್ಲ, ನಾವ್ಯಾಕೆ? 23ನ್ನು ಮೊದಲ ಎರಡು ತಿಂಗಳು ನಾನು ಮುಟ್ಟಲೇ ಇಲ್ಲ. ಅದರಲ್ಲಿರುವ ಹಾಗೆ ಕೊರತೆಪಡೆನು ಎಂದು ಬಾಯಲ್ಲಿ ಹೇಳೋಣವೆಂದರೆ ಕಿಸೆಯಲ್ಲಿ ನೋಟಿಸ್ ಇತ್ತು.

ಇದು ಹಿರಿಯರ ಕಿವಿಗೆ ಬಿತ್ತು. ಮನೆಗೆ ಬಂದು ಕೂತರು. ದೂರುವುದು ಅರಣ್ಯದಲ್ಲಿ ಗುಣುಗುಟ್ಟಿದ ಇಸ್ರಾಯೇಲ್ಯರ ಪಾಪ ಅಂದರು. ಅವರು ದೇವರ ಬಗ್ಗೆ ತಮ್ಮ ತಮ್ಮ ಗುಡಾರದಲ್ಲಿ ಕೂತು ಗುಣುಗುಟ್ಟಿದರು, ನಾನು ದೇವರಿಗೇ ನೇರ ಹೇಳುತ್ತಿದ್ದೇನೆ, ಎರಡೂ ಒಂದೇ ಹೇಗೆ ಅಂದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ದೂರು, ಅಳಲು, ಮೊರೆ. ಅದನ್ನು ತೆಗೆದು ಬಿಸಾಕಿದರೆ ಪುಸ್ತಕ ತೆಳ್ಳಗಾಗುತ್ತದೆ. ಶಿಲುಬೆಯ ಮೇಲೆ ಕರ್ತನು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು, ಅದೂ ದೂರೇ. ಅವರು ಪ್ರಾರ್ಥಿಸಿ ಎದ್ದು ಹೋದರು, ಒಪ್ಪಲಿಲ್ಲ.

ಈಗ 109ನೇ ಕೀರ್ತನೆಯ ವಿಷಯ. ಇದನ್ನು ಒಬ್ಬರೇ ಓದಬೇಡಿ, ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಶಾಪದ ಕೀರ್ತನೆ ಅದು, ನಿಮಗೆ ಗೊತ್ತು. ಅದರ 8ನೇ ವಚನವನ್ನು ಶಿಷ್ಯ ಪೇತ್ರನು ಯೇಸುವನ್ನು ಹಿಡಿದುಕೊಟ್ಟ ಯೂದನ ಬಗ್ಗೆ ಹೇಳಿದ, ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ. ನಾನು ಹೆಂಡತಿಯನ್ನು ಕೂರಿಸಿಕೊಂಡೆ. ಎಡಕ್ಕೆ ವಚನ, ಬಲಕ್ಕೆ ಅವನ ಹೆಸರು. 8ರವರೆಗೆ ಚೆನ್ನಾಗಿ ಹೋಯಿತು, ನಿಜ ಹೇಳಬೇಕೆಂದರೆ ಇಷ್ಟವಾಗಿಯೇ ಹೋಯಿತು. 9ರಲ್ಲಿ ಮಕ್ಕಳು ತಂದೆಯಿಲ್ಲದವರಾಗಲಿ ಎಂದಿದೆ. 10ರಲ್ಲಿ ಅವರು ಅಲೆದು ಭಿಕ್ಷೆ ಬೇಡಲಿ ಎಂದಿದೆ. ಬಲಗಡೆ ಅವನ ಮಗಳ ಹೆಸರು ಬರೆಯಬೇಕಿತ್ತು. ನನ್ನ ಮಗಳ ಜೊತೆ ನಮ್ಮ ಅಡುಗೆಮನೆಯಲ್ಲಿ ಕೂತು ಚಪಾತಿ ತಿಂದ ಹುಡುಗಿ. ಅಪ್ಪ ಓಡಿಹೋದ ಮೇಲೆ ಶಾಲೆ ಬಿಟ್ಟು ಅಜ್ಜಿಯ ಊರಿಗೆ ಹೋಗಿದ್ದಳು. ಪೆನ್ನು ಮುಂದೆ ಹೋಗಲಿಲ್ಲ. ಆ ವಚನ ಅವಳ ಮೇಲೆ ಆಗಲೇ ಅರ್ಧ ನಡೆದುಹೋಗಿತ್ತು.

ಆ ಜಾಗದಲ್ಲಿ, ಬಲಗಡೆ, ಅವಳ ಫೀಸು ಕಟ್ಟಲು ಯಾರಾದರೂ ಸಿಗಲಿ ಎಂದು ಬರೆದೆ. ಯಾರೂ ಹೇಳಿಕೊಡಲಿಲ್ಲ, ಹಾಗೆ ಬಂತು. ಅವನಿಗಾಗಿ ಪ್ರಾರ್ಥಿಸು ಎಂದು ಜನ ಒಂದು ವರ್ಷ ಹೇಳಿದ್ದರು, ಆಗಿರಲಿಲ್ಲ. ಅವನ ಮಗಳಿಗಾಗಿ ಆಯಿತು. ಶತ್ರುಗಳನ್ನು ಪ್ರೀತಿಸಿರಿ ಎಂಬ ಆಜ್ಞೆಯ ಒಳಗೆ ನಾನು ಆ ಹುಡುಗಿಯ ಬಾಗಿಲಿನಿಂದ ಹೋದೆ. ಮೂರು ನಾಲ್ಕು ವಾರದಲ್ಲಿ ಅವನ ಹೆಸರನ್ನೂ ಸೇರಿಸಲು ಬಂತು. ಬಲ ಬಂದದ್ದು ಆ ದಿನದಿಂದ. ನಿದ್ದೆ ಮೊದಲು ಬಂತು, ಆಮೇಲೆ ಹಸಿವು. ಆ ವರ್ಷದ ಗುಡ್ ಫ್ರೈಡೇ ಆರಾಧನೆಯಲ್ಲಿ ಬಾಸ್ ಸ್ವರ ತೆರೆಯಿತು. ಪಕ್ಕದವರು ತಿರುಗಿ ನೋಡಿದರು.

ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ಸತ್ಯವೇದದ ಪ್ರಲಾಪಗಳು ಎಂಬ ಪುಸ್ತಕವನ್ನು ಪೂರ್ತಿ ಕೈಯಲ್ಲಿ ಬರೆದೆ, ಐದು ಅಧ್ಯಾಯ. ಒಂದು, ಎರಡು, ನಾಲ್ಕನೇ ಅಧ್ಯಾಯಗಳಲ್ಲಿ ಇಪ್ಪತ್ತೆರಡು ವಚನ, ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು, ಒಟ್ಟು 66. ನಾನೂ ನನ್ನ ಅಳಲನ್ನು ಅ ಇಂದ ಳ ವರೆಗೆ ಬರೆದೆ. ಅ ಅಂದರೆ ಅಡ ಇಟ್ಟ ಬಂಗಾರ, ಕ ಅಂದರೆ ಕಂತು, ಹೀಗೆ. ಶಬ್ದ ಸಿಗದ ಅಕ್ಷರ ಬಿಟ್ಟೆ. ಇದರಿಂದ ಒಂದು ಲಾಭವಾಯಿತು: ದುಃಖಕ್ಕೆ ಒಂದು ಕೊನೆ ಸಿಕ್ಕಿತು. ಳ ಬಂದ ಮೇಲೆ ಪೆನ್ನು ಮುಚ್ಚಬೇಕು, ಆವತ್ತಿಗೆ ಅಷ್ಟೇ. ಮಕ್ಕಳಿಗೂ ಇದನ್ನು ಮಾಡಿಸಬಹುದು, ನನ್ನ ಮಗಳು ಮಾಡಿದಳು.

ಮಂಗಳೂರಿನ ಕಥೋಲಿಕ ಗೆಳೆಯನೊಬ್ಬನ ಜೊತೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಶಿಲುಬೆಯ ಹಾದಿ ಮಾಡಿದೆ, ಯೇಸುವಿನ ಕೊನೆಯ ನಡಿಗೆಯನ್ನು ಸ್ಥಳ ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆ ಅದು. ನಾವು ಪ್ರೊಟೆಸ್ಟೆಂಟರು ಅದನ್ನು ಮಾಡುವುದು ಕಡಿಮೆ. ಹದಿನಾಲ್ಕು ಸ್ಥಳ. ಮೂರು, ಏಳು, ಒಂಬತ್ತರಲ್ಲಿ ಯೇಸು ಬೀಳುತ್ತಾನೆ. ಒಂದು ಸಲ ಬಿದ್ದು ಎದ್ದರೆ ಮುಗಿಯಿತು ಎಂದು ಯಾರೂ ಹೇಳಿಲ್ಲ ಎಂಬುದು ನನಗೆ ಅಲ್ಲಿ ಮೊಣಕಾಲೂರಿದಾಗ ತಿಳಿಯಿತು. ನೋಟಿಸ್ ಬಂದಾಗೆಲ್ಲ ನಾನು ಮತ್ತೆ ಕುಸಿಯುತ್ತಿದ್ದೆನಲ್ಲ, ಅದಕ್ಕೆ ಹೆದರುವುದನ್ನು ಬಿಟ್ಟೆ.

ಪಂಡಿತಾ ರಮಾಬಾಯಿ ಬಗ್ಗೆಯೂ ಆಗ ಓದಿದೆ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಹೋದರು. ಮದುವೆಯಾಗಿ ಎರಡು ವರ್ಷದೊಳಗೆ ಗಂಡ ಹೋದ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. ವಿಧವೆಯರಿಗೆ ಶಾರದಾ ಸದನ ಕಟ್ಟಿದರು. 1893ರಲ್ಲಿ ಪುಣೆಯಲ್ಲಿ ಬೆನ್ನಿಗೆ ನಿಂತಿದ್ದ ದೊಡ್ಡ ದೊಡ್ಡ ಜನ ಒಟ್ಟಿಗೆ ಕೈಬಿಟ್ಟರು, ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಆಕೆ ನಿಲ್ಲಿಸಲಿಲ್ಲ. ಮೂರು ನಾಲ್ಕು ವರ್ಷದಲ್ಲಿ ಮತ್ತೆ ಬರಗಾಲ ಬಂದಾಗ ಕೇಡ್‌ಗಾಂವ್‌ನಲ್ಲಿ ಆಕೆಯ ಮುಕ್ತಿ ಆಶ್ರಮದಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಅನ್ನ, ನೆಲೆ ಸಿಕ್ಕಿತು. ರಾತ್ರಿ ಪಾಳಿಗೆ ಹೋಗುವ ಮುಂಚೆ ಇಂಥವರ ಜೀವನ ಹತ್ತು ನಿಮಿಷ ಓದಿದರೂ ಬೆನ್ನು ನೆಟ್ಟಗಾಗುತ್ತದೆ.

ಇನ್ನು ಕೇಸಿನ ವಿಷಯ, ಎಲ್ಲರೂ ಕೇಳುವುದು ಇದನ್ನೇ. ಕ್ಷಮಿಸಿದ ಮೇಲೆ ಕೇಸ್ ಯಾಕೆ? ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಪೌಲ ಖಂಡಿಸುವ ಒಂದನೇ ಕೊರಿಂಥ 6 ನನ್ನ ಮುಂದೆ ಹಿಡಿದವರಿಗೆ ಲೆಕ್ಕವಿಲ್ಲ. ನಾನು ಮೊದಲು ಮತ್ತಾಯ 18ರ ಪ್ರಕಾರ ಹೋದೆ. ಒಬ್ಬನೇ ಅವನನ್ನು ಹುಡುಕಿಕೊಂಡು ಹೋಗಿ ಮಾತಾಡಿದೆ. ಆಮೇಲೆ ಇಬ್ಬರನ್ನು ಕರೆದುಕೊಂಡು ಹೋದೆ. ಆಮೇಲೆ ಸಭೆಗೆ ಹೇಳಿದೆ. ಅವನು ಮೂರನ್ನೂ ತಳ್ಳಿದ. ಇಬ್ಬರು ಸಾಕ್ಷಿಗಳ ಮುಂದೆ ಕೊಟ್ಟ ಚೆಕ್ಕುಗಳೂ ಬೌನ್ಸ್ ಆದವು. ಚೆಕ್ ಬೌನ್ಸಿನ ಕಾನೂನು, ಸೆಕ್ಷನ್ 138ರ ಕೆಳಗೆ ನೋಟಿಸ್ ಕೊಟ್ಟೆ. ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ಪ್ರಾರ್ಥನೆ ಮಾಡಿ ನೋಡೋಣ ಎಂದು ಕೂತರೆ ಗಡುವು ಮೀರುತ್ತದೆ. ಇದನ್ನು ವಿಶ್ವಾಸಿಗಳಿಗೆ ನಾನು ಒತ್ತಿ ಹೇಳುತ್ತೇನೆ.

ಪೌಲನೇ ನ್ಯಾಯಕ್ಕಾಗಿ ರೋಮಿನ ಚಕ್ರವರ್ತಿ ಕೈಸರನಿಗೆ ಮೊರೆ ಹೋದ. ದಾವೀದನನ್ನು ನೋಡಿ. ಆಪ್ತ ಸಲಹೆಗಾರ ಅಹೀತೋಫೆಲ, ದಂಗೆ ಎದ್ದ ಮಗ ಅಬ್ಷಾಲೋಮನ ಕಡೆ ಹೋದ ಸುದ್ದಿ ಬಂದಾಗ ದಾವೀದ ಬರಿಗಾಲಲ್ಲಿ, ತಲೆ ಮುಚ್ಚಿಕೊಂಡು, ಅಳುತ್ತಾ ಎಣ್ಣೆಮರದ ಗುಡ್ಡ ಹತ್ತುತ್ತಿದ್ದ. ಅಹೀತೋಫೆಲನ ಆಲೋಚನೆಯನ್ನು ಕೆಡಿಸು ಎಂದು ಒಂದು ಸಾಲು ಪ್ರಾರ್ಥಿಸಿದ. ಗುಡ್ಡದ ತುದಿಗೆ ಬಂದಾಗ ಗೆಳೆಯ ಹೂಷೈ ಎದುರಾದ. ನೀನು ಪಟ್ಟಣಕ್ಕೆ ವಾಪಸ್ ಹೋಗು, ಅಲ್ಲಿದ್ದು ಅವನ ಆಲೋಚನೆಯನ್ನು ಮುರಿ ಎಂದು ಕಳಿಸಿದ. ಪ್ರಾರ್ಥನೆ, ಕಣ್ಣೀರು, ಉಪಾಯ ಮೂರೂ ಒಂದೇ ದಾರಿಯಲ್ಲಿ ನಡೆದವು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಗ್ಲಾಡಿಸ್ ಸ್ಟೇನ್ಸ್ ಇದ್ದಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟರು. ಆಕೆ ಕ್ಷಮಿಸಿದ್ದೇನೆ ಅಂದರು. ಕೇಸು ತನ್ನ ಪಾಡಿಗೆ ನಡೆಯಿತು, 2003ರಲ್ಲಿ ಶಿಕ್ಷೆ ಆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಕ್ಷಮೆ ಆಕೆಯ ಕೈಯಲ್ಲಿತ್ತು, ಶಿಕ್ಷೆ ಸರಕಾರದ ಕೈಯಲ್ಲಿತ್ತು. ಅಷ್ಟು ದೊಡ್ಡ ನೋವಿನಲ್ಲಿ ಆಕೆ ಅವೆರಡನ್ನು ಬೇರೆ ಇಟ್ಟಿದ್ದರೆ ನನ್ನ ಹತ್ತೊಂಬತ್ತು ಲಕ್ಷಕ್ಕೆ ನಾನೂ ಇಡಬಹುದು ಅಲ್ವಾ?

ಕ್ಷಮೆ ಬೇಗ ಆಗಬೇಕು ಎನ್ನುವವರಿಗೆ ಯೋಸೇಫನ ಲೆಕ್ಕ ಹೇಳುತ್ತೇನೆ. ಹದಿನೇಳನೇ ವಯಸ್ಸಿಗೆ ಅವನನ್ನು ಅಣ್ಣಂದಿರೇ ಮಾರಿದರು, ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ. ಮೂವತ್ತಕ್ಕೆ ಐಗುಪ್ತದ ಅರಸ ಫರೋಹನ ಮುಂದೆ ನಿಂತ. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ ಆದ ಮೇಲೆ ಅಣ್ಣಂದಿರಿಗೆ ತಾನು ಯಾರೆಂದು ಹೇಳಿದ. 22 ವರ್ಷ. ಅವರು ಬಂದ ತಕ್ಷಣ ಹೇಳಲೂ ಇಲ್ಲ. ಮೂರು ದಿನ ಕಾವಲಲ್ಲಿ ಇಟ್ಟ, ಅವರಲ್ಲೊಬ್ಬ ಸಿಮೆಯೋನನನ್ನು ಕಟ್ಟಿಸಿದ, ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬಟ್ಟಲನ್ನು ಗುಟ್ಟಾಗಿ ಇಡಿಸಿದ. ಬೆನ್ಯಾಮೀನನ ಬದಲು ನನ್ನನ್ನು ಇಟ್ಟುಕೋ ಎಂದು ಯೆಹೂದ ಹೇಳುವವರೆಗೆ ಕಾದ. ತಮ್ಮನನ್ನು ಮಾರಿದವರು ಈ ಸಲ ತಮ್ಮನನ್ನು ಬಿಟ್ಟು ಹೋಗುತ್ತಾರಾ ಎಂದು ನೋಡಿದ. ಕ್ಷಮೆ ಬೇರೆ, ಮತ್ತೆ ನಂಬುವುದು ಬೇರೆ. ಎರಡನೆಯದಕ್ಕೆ ಪರೀಕ್ಷೆ ಇಡುವ ಹಕ್ಕು ನಮಗಿದೆ.

ಕೇಸು ಎರಡು ವರ್ಷದ ಮೇಲೆ ಎಳೆಯಿತು. ವಕೀಲರ ಫೀಸು, ಓಡಾಟ ಎಲ್ಲ ಸೇರಿ ಎಪ್ಪತ್ತು ಸಾವಿರ ಹತ್ತಿರ. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ. ಚೆಕ್ಕಿನ ಮೊತ್ತದಲ್ಲಿ ಆರು ಲಕ್ಷ ಕಂತಿನಲ್ಲಿ ಕೊಡುವುದು ಎಂದಾಯಿತು. ಹೆಚ್ಚುಕಡಿಮೆ ಪೂರ್ತಿ ಬಂದಿದೆ. ಆವತ್ತು ಅವನ ಪಕ್ಕದ ಕುರ್ಚಿಯಲ್ಲಿ ಕೂತು ಸಹಿ ಹಾಕಿದೆ. ಕೈ ನಡುಗಲಿಲ್ಲ. ಹೊರಗೆ ಬಂದು ಚಹಾ ಕುಡಿಸಿದೆ, ಮಗಳು ಎಲ್ಲಿ ಓದುತ್ತಿದ್ದಾಳೆ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಉತ್ತರ ಕೊಟ್ಟ. ಪಾಲುದಾರಿಕೆ ಮತ್ತೆ ಮಾಡುವುದಿಲ್ಲ ಎಂದೂ ಅಲ್ಲೇ ಹೇಳಿದೆ.

ಉಳಿದದ್ದನ್ನು ಬಿಟ್ಟೆ. ಬಿಡುವಾಗ ಮತ್ತಾಯ 18ರ ಸಾಮ್ಯವನ್ನು ಲೆಕ್ಕ ಹಾಕಿ ನೋಡಿದೆ. ಅರಸನಿಂದ ಹತ್ತು ಸಾವಿರ ತಲಾಂತಿನ ಸಾಲ ಬಿಡಿಸಿಕೊಂಡ ಆಳು, ತನಗೆ ನೂರು ದಿನಾರಿ ಕೊಡಬೇಕಾದವನನ್ನು ಬಿಡದ ಕಥೆ ಅದು. ಹತ್ತು ಸಾವಿರ ತಲಾಂತಿನ ಮುಂದೆ ನೂರು ದಿನಾರಿ ಏನೂ ಅಲ್ಲ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಆದರೆ ಒಂದು ದಿನಾರಿ ಒಬ್ಬ ಕೂಲಿಯ ಒಂದು ದಿನದ ಸಂಬಳ. ನೂರು ದಿನಾರಿ ಅಂದರೆ ಮೂರು ತಿಂಗಳ ದುಡಿಮೆ, ನನ್ನ ಆಗಿನ ಸಂಬಳದಲ್ಲಿ ಐವತ್ತು ಸಾವಿರದ ಮೇಲೆ. ಕರ್ತನು ಅದನ್ನು ಸಣ್ಣದು ಅನ್ನಲಿಲ್ಲ. ನಿಜವಾದ ಸಾಲ ಎಂದೇ ಹೇಳಿದ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ, ಹತ್ತು ಸಾವಿರ ತಲಾಂತು ಆರು ಕೋಟಿ ದಿನದ ಕೂಲಿ. ನನಗೆ ಬಿಟ್ಟುಕೊಟ್ಟದ್ದು ಅಷ್ಟು. ಇದನ್ನು ಪಟ್ಟಿಯ ಮೇಲೆ ಅಂಕಿಯಲ್ಲಿ ಬರೆದು, ಕೆಳಗೆ ಅವನ ಬಾಕಿ ಬರೆದು, ಗೆರೆ ಎಳೆದೆ. ಗೆರೆ ಎಳೆದ ಮೇಲೆ ಪ್ರಭು ಭೋಜನದ ದಿನ ಆ ಪಟ್ಟಿಯನ್ನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎದುರಿಗೆ ಕೂತು ಹೇಳುವಂಥದ್ದು, ಓದಿ ಮಾಡಿದರೆ ಕೆಡುತ್ತದೆ. 73ರಿಂದ ಮುಂದೆ ಯಾವ ಕೀರ್ತನೆಗಳನ್ನು ಯಾವ ಕ್ರಮದಲ್ಲಿ ಹಿಡಿಯುತ್ತೇನೆ ಎಂಬುದೂ ಆಳು ನೋಡಿ ಹೇಳುವ ವಿಷಯ.

ಒಂದು ಸಣ್ಣ ಮಾತು ಬಿಟ್ಟುಹೋಗಿತ್ತು. ಎರಡನೇ ತಿಮೊಥೆಯ ಕೊನೆಯ ಅಧ್ಯಾಯದಲ್ಲಿ ಪೌಲ ಕಂಚುಗಾರ ಅಲೆಕ್ಸಾಂದ್ರ ನನಗೆ ಬಹಳ ಕೇಡು ಮಾಡಿದ ಎಂದು ಹೆಸರು ಹಿಡಿದೇ ಬರೆದಿದ್ದಾನೆ. ಎಲ್ಲರೂ ನನ್ನನ್ನು ಕೈಬಿಟ್ಟರು, ಕರ್ತನು ಪಕ್ಕದಲ್ಲಿ ನಿಂತು ಬಲಪಡಿಸಿದ ಅನ್ನುತ್ತಾನೆ. ಅದೇ ಪತ್ರದಲ್ಲಿ ನನ್ನ ಮೇಲಂಗಿ ತಾ, ಪುಸ್ತಕ ತಾ, ಚಳಿಗಾಲದ ಮುಂಚೆ ಬಾ ಎಂದೂ ಕೇಳುತ್ತಾನೆ. ನಾನೂ ಭಾವನ ಹತ್ತಿರ ನಾಚದೆ ಎರಡು ತಿಂಗಳ ಬಾಡಿಗೆ ಕೇಳಿದೆ. ದೇವರು ಬಲ ಕೊಡುತ್ತಾನೆ ಎಂದು ಮನುಷ್ಯರ ಹತ್ತಿರ ಕೇಳುವುದನ್ನು ಬಿಡಬೇಡಿ.

ಬಂಗಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಡಿಸಿಕೊಂಡಿದ್ದೇನೆ. ಸಣ್ಣದೊಂದು ಸಿಂಗಲ್ ಕಲರ್ ಮೆಷಿನ್ ಬಾಡಿಗೆಗೆ ಹಾಕಿಕೊಂಡಿದ್ದೇನೆ, ಲೆಕ್ಕ ಈಗ ಹೆಂಡತಿ ನೋಡುತ್ತಾಳೆ. ಕ್ಯಾಲೆಂಡರ್ ಆರ್ಡರ್ ಮತ್ತೆ ಬರುತ್ತಿವೆ. ಕಳೆದ ವರ್ಷ ಒಂದು ಸಭೆಯನ್ನು ಒಪ್ಪಿಸಿ 22ನೇ ವಚನದ ಜೊತೆ ಅದೇ ಕೀರ್ತನೆಯ 12ರಿಂದ 14ನ್ನೂ ಹಾಕಿಸಿದೆ.

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಏಳೆಂಟು ಜನ ಕೂಡುತ್ತೇವೆ. ಜಾಮೀನು ಹಾಕಿ ಸಿಕ್ಕಿಬಿದ್ದವರು ಇಬ್ಬರು, ಅಣ್ಣತಮ್ಮಂದಿರ ಆಸ್ತಿ ಜಗಳದವರು ಮೂವರು. ಇವರಿಗೆ ಈ ಕ್ರಮ ಸಲೀಸಾಗಿ ಹಿಡಿಯುತ್ತದೆ. ಗಂಡ ಬಿಟ್ಟುಹೋದ ಸಹೋದರಿಯೊಬ್ಬರಿಗೆ ಮಾತ್ರ 55 ಹಿಡಿಯಲಿಲ್ಲ. ಅದು ಗೆಳೆಯನ ಮೋಸ, ನನ್ನದು ಅದಲ್ಲ ಅಂದರು. ಅವರ ಮಾತು ಸರಿ. ಅವರಿಗಾಗಿ ನನ್ನ ಹೆಂಡತಿ ಆದಿಕಾಂಡ 16 ಮತ್ತು 21 ಹಿಡಿದಿದ್ದಾಳೆ, ಅಬ್ರಹಾಮನ ಮನೆ ಬಿಟ್ಟು ಅರಣ್ಯ ಸೇರಿದ ದಾಸಿ ಹಾಗರಳನ್ನು. ಎಡಕ್ಕೆ ಹಾಗರಳ ಮಾತು, ಬಲಕ್ಕೆ ಅವರದು. ನೀನು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ದೂತನು ಕೇಳಿದ ಪ್ರಶ್ನೆಯಲ್ಲೇ ಈಗ ಎರಡು ವಾರದಿಂದ ಇದ್ದಾರೆ. ಮೊದಲ ಅರ್ಧಕ್ಕೆ ನಾಲ್ಕು ಪಟ್ಟಿ ಬರೆದಿದ್ದಾರೆ. ಎರಡನೇ ಅರ್ಧಕ್ಕೆ ಇನ್ನೂ ಬರೆಯುತ್ತಿದ್ದಾರೆ.